ಪಿಪ್, ಪಿಪ್-ಟೂಲ್ಸ್, ಪೊಯೆಟ್ರಿ, ಯುವಿ, ಕೊಂಡಾ: ನಿಮ್ಮ ಪೈಥಾನ್ ಪ್ರಾಜೆಕ್ಟ್‌ಗೆ ಯಾವುದು?

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ನಾಲ್ಕೈದು ಜನರ ಕಂಪನಿ ಇರಲಿ, ಮಂಡ್ಯದಿಂದ ದಿನಾ ರೈಲಿನಲ್ಲಿ ಕಾಲೇಜಿಗೆ ಬರುವ ಫೈನಲ್ ಇಯರ್ ಹುಡುಗರ ಪ್ರಾಜೆಕ್ಟ್ ಇರಲಿ, ಪೈಥಾನ್ ಕೋಡ್ ಬರೆದು ಮುಗಿಸಿದ ಮೇಲೆ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಒಂದೇ ಕಡೆ. ಬರೆದವರ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಪಕ್ಕದವರ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ. ಆಗ ಶುರುವಾಗುತ್ತದೆ, ಪ್ರಾಜೆಕ್ಟ್‌ಗೆ ಬೇಕಾದ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಕೋಡ್) ಇಳಿಸಿ ಹಾಕುವ ಟೂಲ್‌ಗಳ ಪ್ರಶ್ನೆ: "ಸರ್, ಪಿಪ್ ಸಾಕಾಗಲ್ವಾ? ಪೊಯೆಟ್ರಿ ಹಾಕ್ಬೇಕಾ? ಈಗ ಎಲ್ಲರೂ ಯುವಿ ಅಂತಾರಲ್ಲ, ಅದಕ್ಕೇ ಹೋಗೋದಾ?"

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಶುರು ಮಾಡುತ್ತಿದ್ದರೆ ಯುವಿ ತಗೊಳ್ಳಿ. ಬೇಕಾದ ಲೈಬ್ರರಿಗಳ ಪಟ್ಟಿ ಇರುವ ರಿಕ್ವೈರ್‌ಮೆಂಟ್ಸ್ ಫೈಲ್ ಇಟ್ಟುಕೊಂಡು ಈಗಾಗಲೇ ಓಡುತ್ತಿರುವ ಹಳೇ ಪ್ರಾಜೆಕ್ಟ್ ಆದರೆ ಪಿಪ್-ಟೂಲ್ಸ್ ಸಾಕು. ಮ್ಯಾಪು, ಸ್ಯಾಟಲೈಟ್ ಚಿತ್ರ, ಆರ್ ಭಾಷೆ ಎಲ್ಲ ಬೆರೆತ ರಿಸರ್ಚ್ ಕೆಲಸಕ್ಕೆ ಕೊಂಡಾ. ಪೊಯೆಟ್ರಿಯಲ್ಲಿ ಕೆಲಸ ಚೆನ್ನಾಗಿ ನಡೆಯುತ್ತಿದ್ದರೆ ಅದನ್ನು ಬಿಡುವ ಅಗತ್ಯ ಇಲ್ಲ. ಇನ್ನು ಬರೀ ಪಿಪ್? ಕಲಿಯೋದಕ್ಕೆ, ಒಂದು ದಿನದ ಸ್ಕ್ರಿಪ್ಟ್‌ಗೆ ಪರವಾಗಿಲ್ಲ.

ಆದರೆ ಟೂಲ್ ಆರಿಸುವ ಮೊದಲು ಒಂದು ವಿಷಯ ಯೋಚಿಸಿ. ಇನ್ನು ಆರು ತಿಂಗಳು ಬಿಟ್ಟು ಈ ಕೋಡನ್ನು ಹೊಸ ಮೆಷಿನ್‌ನಲ್ಲಿ ಇನ್‌ಸ್ಟಾಲ್ ಮಾಡುವವರು ಯಾರು? ನಮ್ಮ ಊರಿನ ಸಣ್ಣ ಕಂಪನಿಗಳಲ್ಲಿ ಹುಡುಗರು ಒಂದೆರಡು ವರ್ಷ ಕೆಲಸ ಮಾಡಿ ಬೆಂಗಳೂರಿಗೆ ಹೋಗಿಬಿಡುತ್ತಾರೆ. ಕೋಡ್ ಇಲ್ಲೇ ಉಳಿಯುತ್ತದೆ. ಅದನ್ನು ಎತ್ತಿಕೊಳ್ಳುವವರಿಗೆ ಫೋನ್ ಮಾಡಿ ಕೇಳಲೂ ಯಾರೂ ಇರುವುದಿಲ್ಲ. ಕೆಳಗಿನ ಹೋಲಿಕೆಯನ್ನೆಲ್ಲ ನಾನು ಆ ಮನುಷ್ಯನ ಕಡೆಯಿಂದಲೇ ಮಾಡಿದ್ದೇನೆ.

ಒಂದು ಸಾಲಿನ ಫೈಲ್ ಹೇಗೆ ಕೈಕೊಡುತ್ತದೆ

ಇದು ತುಂಬಾ ಜನರಿಗೆ ಆಗಿರುವ ಘಟನೆ, ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ವೆಬ್ ಪ್ರಾಜೆಕ್ಟ್. ಅದರ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಇರುವುದು ಒಂದೇ ಸಾಲು: ವೆಬ್ ಆ್ಯಪ್ ಕಟ್ಟುವ ಲೈಬ್ರರಿ ಫ್ಲಾಸ್ಕ್, ವರ್ಶನ್ 2.2.2. ನಿಖರವಾದ ವರ್ಶನ್ ಬರೆದಿದ್ದಾರೆ, ಇನ್ನೇನು ಬೇಕು ಅನ್ನಿಸುತ್ತದೆ ಅಲ್ವಾ?

ಫ್ಲಾಸ್ಕ್ ಒಂಟಿಯಾಗಿ ಬರುವುದಿಲ್ಲ. ವೆರ್ಕ್‌ಜೊಯ್ಗ್, ಜಿಂಜಾ, ಕ್ಲಿಕ್ ಹೀಗೆ ಇನ್ನೊಂದಿಷ್ಟು ಲೈಬ್ರರಿಗಳನ್ನು ಜೊತೆಗೆ ಕರೆದುಕೊಂಡು ಬರುತ್ತದೆ. ಫ್ಲಾಸ್ಕ್ 2.2.2 ತನ್ನ ಮಟ್ಟಿಗೆ ಹೇಳುವುದು, "ವೆರ್ಕ್‌ಜೊಯ್ಗ್ 2.2.2 ಅಥವಾ ಅದಕ್ಕಿಂತ ಹೊಸದು ಕೊಡಿ" ಅಂತ. ಮೇಲಿನ ಮಿತಿ ಹಾಕಿಲ್ಲ. 2023ರ ಸೆಪ್ಟೆಂಬರ್ ಕೊನೆಯಲ್ಲಿ ವೆರ್ಕ್‌ಜೊಯ್ಗ್ 3.0 ಬಂತು. ಹಳೆಯ ಕೆಲವು ಫಂಕ್ಷನ್‌ಗಳನ್ನು ಅದರಲ್ಲಿ ತೆಗೆದುಹಾಕಿದ್ದರು. ಅವುಗಳಲ್ಲಿ ಒಂದನ್ನು ಫ್ಲಾಸ್ಕ್ 2.2 ಶುರುವಿನಲ್ಲೇ ಇಂಪೋರ್ಟ್ ಮಾಡಿಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ಹೊಸ ಮೆಷಿನ್‌ನಲ್ಲಿ ಯಾರು ಇನ್‌ಸ್ಟಾಲ್ ಮಾಡಿದರೂ ಫ್ಲಾಸ್ಕ್ ಹಳೆಯದು, ವೆರ್ಕ್‌ಜೊಯ್ಗ್ ಹೊಸದು. ಆ್ಯಪ್ ಏಳುವ ಮೊದಲೇ ಇಂಪೋರ್ಟ್ ಎರರ್ ಬಂದು ನಿಲ್ಲುತ್ತಿತ್ತು.

ಇಲ್ಲಿ ಯಾರೂ ಕೋಡ್ ಮುಟ್ಟಿಲ್ಲ. ರಿಕ್ವೈರ್‌ಮೆಂಟ್ಸ್ ಫೈಲ್ ಬದಲಾಗಿಲ್ಲ. ಹಳೇ ಲ್ಯಾಪ್‌ಟಾಪಿನಲ್ಲಿ ಹಳೇ ವೆರ್ಕ್‌ಜೊಯ್ಗ್ ಇರುವುದರಿಂದ ಅಲ್ಲಿ ಸರಿಯಾಗಿಯೇ ಓಡುತ್ತದೆ. ಲ್ಯಾಬ್ ಎಕ್ಸ್‌ಟರ್ನಲ್‌ಗೆ ಅಂತ ಬೇರೆ ಸಿಸ್ಟಂನಲ್ಲಿ ಹಾಕಿದಾಗ ಮಾತ್ರ ಬೀಳುತ್ತದೆ. ಎಕ್ಸಾಮಿನರ್ ಎದುರು ನಿಂತಿರುವ ಹುಡುಗಿಗೆ ತಾನು ಏನು ತಪ್ಪು ಮಾಡಿದೆ ಅಂತ ಗೊತ್ತಾಗುವುದಿಲ್ಲ. ಅವಳು ತಪ್ಪು ಮಾಡಿಯೂ ಇಲ್ಲ. ನಾವು ಹೆಸರು ಹೇಳಿ ಕೇಳಿದ ಲೈಬ್ರರಿಗೆ ಮಾತ್ರ ವರ್ಶನ್ ಬರೆದು, ಅದರ ಹಿಂದೆ ಬರುವವುಗಳನ್ನು ಬಿಟ್ಟರೆ ಆಗುವುದೇ ಹೀಗೆ. ಜೊತೆಗೆ ಬರುವ ಪ್ರತಿಯೊಂದರ ನಿಖರ ವರ್ಶನ್ ಬರೆದಿಡುವ ಫೈಲ್ ಬೇಕು. ಅದೇ ಲಾಕ್ ಫೈಲ್. ಯಾವ ಟೂಲ್ ಆರಿಸಿದರೂ ಸರಿ, ಲಾಕ್ ಫೈಲ್ ಇಲ್ಲದೆ ಕೋಡನ್ನು ಇನ್ನೊಬ್ಬರ ಕೈಗೆ ಕೊಡಬೇಡಿ.

ಬರೀ ಪಿಪ್

ಪಿಪ್ 2008ರಿಂದ ಇದೆ. ಪೈಥಾನ್ ಜೊತೆಗೇ ಬರುತ್ತದೆ, ಎಲ್ಲರಿಗೂ ಗೊತ್ತು. ಲೈಬ್ರರಿಗಳು ಒಂದಕ್ಕೊಂದು ಒಪ್ಪುತ್ತವಾ ಅಂತ ಸರಿಯಾಗಿ ಲೆಕ್ಕ ಹಾಕುವ ವ್ಯವಸ್ಥೆ ಅದಕ್ಕೆ ಬಂದದ್ದು 2020ರ ಕೊನೆಯಲ್ಲಿ, 20.3 ವರ್ಶನ್‌ನಲ್ಲಿ. ಅದಕ್ಕಿಂತ ಹಿಂದಿನ ಪಿಪ್ ಇನ್ನೂ ನಿಮ್ಮ ಸರ್ವರ್‌ನಲ್ಲಿ ಇದ್ದರೆ ಮೊದಲು ಅದನ್ನು ಬದಲಿಸಿ.

ಪಿಪ್ ಬಳಸಿದರೂ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟ್‌ನ ಲೈಬ್ರರಿಗಳನ್ನು ಬೇರೆಯಾಗಿ ಇಡುವ ಫೋಲ್ಡರ್) ಮಾಡಿಕೊಂಡೇ ಬಳಸಿ. ಅದಕ್ಕೆ ವೆನ್ವ್ ಅನ್ನುವ ಸೌಲಭ್ಯ 2012ರಲ್ಲಿ ಬಂದ ಪೈಥಾನ್ 3.3ರಿಂದಲೇ ಇದೆ. ಈಗಿನ ಉಬುಂಟು, ಡೆಬಿಯನ್‌ನಲ್ಲಿ ಸಿಸ್ಟಂ ಪೈಥಾನ್‌ಗೆ ನೇರವಾಗಿ ಪಿಪ್ ಹಾಕಲು ಹೋದರೆ "ಇದು ಹೊರಗಿನಿಂದ ನಿರ್ವಹಿಸುವ ಎನ್ವಿರಾನ್‌ಮೆಂಟ್" ಅಂತ ಎರರ್ ಬರುತ್ತದೆ. ಉಬುಂಟು 23.04 ಮತ್ತು ಡೆಬಿಯನ್ 12ರಿಂದ ಹೀಗೆ ಮಾಡಿದ್ದಾರೆ. ನೆಟ್‌ನಲ್ಲಿ ಹುಡುಕಿದರೆ ಈ ತಡೆಯನ್ನು ದಾಟುವ ಒಂದು ಆಯ್ಕೆ ಸಿಗುತ್ತದೆ. ಅದರ ಹೆಸರಿನಲ್ಲೇ "ಬ್ರೇಕ್ ಸಿಸ್ಟಂ" ಅಂತ ಇದೆ. ದಯವಿಟ್ಟು ಹಾಕಬೇಡಿ. ಆಪರೇಟಿಂಗ್ ಸಿಸ್ಟಂನ ಎಷ್ಟೋ ಟೂಲ್‌ಗಳು ಅದೇ ಪೈಥಾನ್ ಮೇಲೆ ನಿಂತಿರುತ್ತವೆ.

ಇನ್‌ಸ್ಟಾಲ್ ಆಗಿರುವುದನ್ನೆಲ್ಲ ಪಟ್ಟಿ ಮಾಡುವ ಪಿಪ್ ಫ್ರೀಜ್ ಕೊಟ್ಟು ಬಂದದ್ದನ್ನೆಲ್ಲ ಫೈಲಿಗೆ ಹಾಕಿದರೆ ಲಾಕ್ ಆಗಲ್ವಾ ಅಂತ ಕೇಳುತ್ತಾರೆ. ಅರ್ಧ ಆಗುತ್ತದೆ. ನೀವು ಕೇಳಿದ್ದು ಯಾವುದು, ಅದರ ಹಿಂದೆ ಬಂದದ್ದು ಯಾವುದು ಅಂತ ಆ ಪಟ್ಟಿಯಲ್ಲಿ ಗೊತ್ತಾಗುವುದಿಲ್ಲ. ಸುಮ್ನೆ ಒಮ್ಮೆ ಟ್ರೈ ಮಾಡಿ ಮರೆತ ಲೈಬ್ರರಿಗಳೂ ಒಳಗೆ ಸೇರಿಕೊಂಡಿರುತ್ತವೆ. ವಿಂಡೋಸ್‌ನಲ್ಲಿ ಫ್ರೀಜ್ ಮಾಡಿದರೆ ವಿಂಡೋಸ್‌ಗೆ ಮಾತ್ರ ಇರುವ ಪ್ಯಾಕೇಜುಗಳೂ ಬರುತ್ತವೆ, ಆ ಫೈಲ್ ಲಿನಕ್ಸ್ ಸರ್ವರ್‌ನಲ್ಲಿ ಇನ್‌ಸ್ಟಾಲ್ ಆಗುವುದೇ ಇಲ್ಲ. ಒಂದು ವರ್ಷ ಆದಮೇಲೆ ಐವತ್ತು ಸಾಲಿನ ಆ ಪಟ್ಟಿಯಲ್ಲಿ ಯಾವುದನ್ನು ತೆಗೆಯಬಹುದು ಅಂತ ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ.

ಪಿಪ್-ಟೂಲ್ಸ್

ಈ ಟೂಲ್‌ಗೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಅಂತ ನನ್ನ ಅಭಿಪ್ರಾಯ. ಇದರಲ್ಲಿ ಎರಡು ಫೈಲ್. ಒಂದರಲ್ಲಿ ನಿಮಗೆ ಬೇಕಾದ ಲೈಬ್ರರಿಗಳ ಹೆಸರು ಮಾತ್ರ ನೀವೇ ಬರೆಯುತ್ತೀರಿ. ಕಂಪೈಲ್ ಮಾಡಿ ಅಂದರೆ ಟೂಲ್ ಎಲ್ಲವನ್ನೂ ಲೆಕ್ಕ ಹಾಕಿ ಎರಡನೇ ಫೈಲ್ ಬರೆದುಕೊಡುತ್ತದೆ. ಅದರಲ್ಲಿ ಪ್ರತಿ ಲೈಬ್ರರಿಯ ನಿಖರ ವರ್ಶನ್, ಅದರ ಕೆಳಗೇ ಅದು ಯಾರಿಂದ ಬಂತು ಅನ್ನುವ ಟಿಪ್ಪಣಿ. ವೆರ್ಕ್‌ಜೊಯ್ಗ್ ಕೆಳಗೆ "ಫ್ಲಾಸ್ಕ್‌ನಿಂದ" ಅಂತ ಬರೆದಿರುತ್ತದೆ. ಆ ಒಂದು ಟಿಪ್ಪಣಿ ಎಷ್ಟೋ ಗಂಟೆ ಹುಡುಕಾಟ ಉಳಿಸುತ್ತದೆ.

ಇನ್ನೊಂದು ದೊಡ್ಡ ಅನುಕೂಲ, ಸರ್ವರ್ ಕಡೆ ಏನೂ ಬದಲಿಸಬೇಕಿಲ್ಲ. ಎರಡನೇ ಫೈಲ್ ಸಾಮಾನ್ಯ ರಿಕ್ವೈರ್‌ಮೆಂಟ್ಸ್ ಫೈಲೇ. ಪಿಪ್ ಗೊತ್ತಿರುವ ಯಾರು ಬೇಕಾದರೂ ಇನ್‌ಸ್ಟಾಲ್ ಮಾಡಬಹುದು. ಹೊಸ ಟೂಲ್ ತರಲು ಕ್ಲೈಂಟ್ ಒಪ್ಪದ ಕಡೆ ಇದೇ ದಾರಿ. ಪ್ರತಿ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ಕೂಡ ಬರೆಸಿಕೊಳ್ಳಬಹುದು. ಆಗ ಇಳಿದ ಫೈಲ್ ಒಂದಕ್ಷರ ಬೇರೆಯಾದರೂ ಪಿಪ್ ಇನ್‌ಸ್ಟಾಲ್ ಮಾಡುವುದಿಲ್ಲ.

ಮಿತಿಯೂ ಇದೆ. ಯಾವ ಆಪರೇಟಿಂಗ್ ಸಿಸ್ಟಂ, ಯಾವ ಪೈಥಾನ್ ಮೇಲೆ ಕಂಪೈಲ್ ಮಾಡಿದಿರೋ ಆ ಲೆಕ್ಕ ಅದಕ್ಕಷ್ಟೇ. ಟೀಮ್‌ನಲ್ಲಿ ಒಬ್ಬರು ವಿಂಡೋಸ್, ಇನ್ನೊಬ್ಬರು ಮ್ಯಾಕ್, ಸರ್ವರ್ ಲಿನಕ್ಸ್ ಅಂದರೆ ಕಷ್ಟ. ಸರ್ವರ್‌ನಂಥದ್ದೇ ಸಿಸ್ಟಂನಲ್ಲಿ ಕಂಪೈಲ್ ಮಾಡುವ ಶಿಸ್ತು ಬೇಕಾಗುತ್ತದೆ.

ಪೊಯೆಟ್ರಿ

ಪೊಯೆಟ್ರಿ 1.0 ಬಂದದ್ದು 2019ರ ಡಿಸೆಂಬರ್‌ನಲ್ಲಿ. ಲಾಕ್ ಫೈಲ್, ವರ್ಚುವಲ್ ಎನ್ವಿರಾನ್‌ಮೆಂಟ್, ಪ್ಯಾಕೇಜ್ ಕಟ್ಟಿ ಪೈಪಿಐಗೆ (ಪೈಥಾನ್ ಲೈಬ್ರರಿಗಳ ಸಾರ್ವಜನಿಕ ಭಂಡಾರ) ಹಾಕುವುದು, ಎಲ್ಲ ಒಂದೇ ಕಡೆ. ಒಂದು ಲಾಕ್ ಫೈಲ್ ಎಲ್ಲ ಆಪರೇಟಿಂಗ್ ಸಿಸ್ಟಂಗೂ ನಡೆಯುತ್ತದೆ. ಆ ಕಾಲಕ್ಕೆ ಇದು ನಿಜವಾಗಿಯೂ ದೊಡ್ಡ ಉಪಕಾರ.

ನನಗೆ ಇದರಲ್ಲಿ ಇರುವ ತಕರಾರು ಒಂದೇ. ಲೈಬ್ರರಿ ಸೇರಿಸಿದಾಗ ಅದು ತಾನಾಗಿಯೇ ಮೇಲಿನ ಮಿತಿ ಹಾಕುತ್ತದೆ: 2.2 ಸೇರಿಸಿದರೆ "3ಕ್ಕಿಂತ ಕೆಳಗೆ" ಅಂತ ಬರೆದುಬಿಡುತ್ತದೆ. ನೀವು ಬರೆಯುತ್ತಿರುವುದು ಆ್ಯಪ್ ಆದರೆ ತೊಂದರೆ ಇಲ್ಲ. ಬೇರೆಯವರು ಬಳಸುವ ಲೈಬ್ರರಿ ಆದರೆ ತೊಂದರೆ, ಯಾಕೆ ಅಂತ ಮುಂದೆ ಹೇಳುತ್ತೇನೆ. 2025ರ ಜನವರಿಯಲ್ಲಿ ಬಂದ 2.0 ವರ್ಶನ್‌ನಿಂದ ಪೊಯೆಟ್ರಿಯೂ ಪ್ರಾಜೆಕ್ಟ್‌ನ ವಿವರ ಬರೆಯುವ ಪೈಪ್ರಾಜೆಕ್ಟ್ ಫೈಲಿನಲ್ಲಿ (pyproject.toml) ಎಲ್ಲ ಟೂಲ್‌ಗಳಿಗೂ ಸಾಮಾನ್ಯವಾದ ವಿಭಾಗವನ್ನು ಓದುತ್ತದೆ. ಮೊದಲು ತನ್ನದೇ ಬೇರೆ ವಿಭಾಗ ಇತ್ತು. ಈಗ ಪೊಯೆಟ್ರಿಯಲ್ಲಿ ಇದ್ದರೆ ಮೊದಲು ಈ ಸಾಮಾನ್ಯ ರೂಪಕ್ಕೆ ಬದಲಿಸಿಕೊಳ್ಳಿ. ನಾಳೆ ಬೇರೆ ಟೂಲ್‌ಗೆ ಹೋಗಬೇಕಾದರೆ ಕೆಲಸ ಹಗುರ ಆಗುತ್ತದೆ.

ಯುವಿ

ಆಸ್ಟ್ರಲ್ ಅನ್ನುವ ಕಂಪನಿ ರಸ್ಟ್ ಭಾಷೆಯಲ್ಲಿ ಬರೆದು 2024ರ ಫೆಬ್ರವರಿಯಲ್ಲಿ ಬಿಟ್ಟ ಟೂಲ್. ಮೊದಲು ಪಿಪ್ ಮತ್ತು ಪಿಪ್-ಟೂಲ್ಸ್ ಮಾಡುವ ಕೆಲಸ ಮಾತ್ರ ಮಾಡುತ್ತಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಲಾಕ್ ಫೈಲ್, ಪ್ರಾಜೆಕ್ಟ್ ನಿರ್ವಹಣೆ, ಪೈಥಾನ್ ಇಳಿಸುವುದು ಎಲ್ಲ ಸೇರಿತು.

ವೇಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಿಜ, ತುಂಬಾ ವೇಗ. ಆದರೆ ನಮ್ಮ ಕಡೆಯವರಿಗೆ ಇನ್ನೂ ಎರಡು ಗುಣ ಮುಖ್ಯ ಅನ್ನಿಸುತ್ತದೆ. ಮೊದಲನೆಯದು ಕ್ಯಾಶ್. ಒಮ್ಮೆ ಇಳಿಸಿದ ಲೈಬ್ರರಿಯನ್ನು ಯುವಿ ಒಂದು ಕಡೆ ಇಟ್ಟುಕೊಂಡು, ಒಂದೇ ಡಿಸ್ಕ್‌ನಲ್ಲಿರುವ ಪ್ರಾಜೆಕ್ಟ್‌ಗಳಿಗೆಲ್ಲ ಅಲ್ಲಿಂದಲೇ ಲಿಂಕ್ ಕೊಡುತ್ತದೆ. ಪಿಪ್ ಕೂಡ ಇಳಿಸಿದ್ದನ್ನು ಇಟ್ಟುಕೊಳ್ಳುತ್ತದೆ, ಆದರೆ ಪ್ರತಿ ಎನ್ವಿರಾನ್‌ಮೆಂಟ್‌ಗೂ ಬೇರೆ ಬೇರೆ ಕಾಪಿ ಮಾಡುತ್ತದೆ. ಪೈಟಾರ್ಚ್‌ನಂಥ ಭಾರೀ ಲೈಬ್ರರಿಯನ್ನು ನಾಲ್ಕು ಪ್ರಾಜೆಕ್ಟ್‌ಗೆ ಹಾಕಿದರೆ 256 ಜಿಬಿ ಲ್ಯಾಪ್‌ಟಾಪ್ ಇರುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಎರಡನೆಯದು, ಪೈಥಾನನ್ನೇ ಇಳಿಸಿಕೊಡುತ್ತದೆ. ಲ್ಯಾಬ್‌ನ ಸಿಸ್ಟಂಗಳಲ್ಲಿ ಹಳೇ ಪೈಥಾನ್ ಇದೆ, ಬದಲಿಸಲು ಅಡ್ಮಿನ್ ಪಾಸ್‌ವರ್ಡ್ ಇಲ್ಲ ಅನ್ನುವ ಕಷ್ಟ ಕಾಲೇಜಿನವರಿಗೆಲ್ಲ ಗೊತ್ತು. ಯುವಿ ನಿಮ್ಮ ಸ್ವಂತ ಫೋಲ್ಡರ್‌ನಲ್ಲಿ ಬೇಕಾದ ಪೈಥಾನ್ ಹಾಕಿಕೊಳ್ಳುತ್ತದೆ. ಅಡ್ಮಿನ್ ಹತ್ತಿರ ಹೋಗಬೇಕಿಲ್ಲ. ಹೊಸದಾಗಿ ಬಂದವರು ರೆಪೊ (ಕೋಡ್ ಸಂಗ್ರಹ) ಕ್ಲೋನ್ ಮಾಡಿ "ಯುವಿ ಸಿಂಕ್" ಅಂತ ಒಂದು ಕಮಾಂಡ್ ಕೊಟ್ಟರೆ ಪೈಥಾನ್, ಎನ್ವಿರಾನ್‌ಮೆಂಟ್, ಲಾಕ್ ಫೈಲಿನಲ್ಲಿ ಇರುವ ಲೈಬ್ರರಿಗಳು ಎಲ್ಲ ಸಿದ್ಧ. ನಾನು ಮೊದಲು ಹೇಳಿದ, ಆರು ತಿಂಗಳ ಆಮೇಲೆ ಬರುವ ಆ ಮನುಷ್ಯನಿಗೆ ಇದಕ್ಕಿಂತ ಸುಲಭದ ದಾರಿ ಸದ್ಯಕ್ಕೆ ಇಲ್ಲ.

ಇದರಲ್ಲಿ ಇನ್ನೊಂದು ಆಯ್ಕೆ ಇದೆ, ಹಳೇ ಪ್ರಾಜೆಕ್ಟ್ ಎಬ್ಬಿಸುವವರು ಖಂಡಿತ ತಿಳಿದಿರಬೇಕು. ಒಂದು ತಾರೀಖು ಕೊಟ್ಟು, "ಇದಾದ ಮೇಲೆ ಬಿಡುಗಡೆ ಆದ ಯಾವುದನ್ನೂ ನೋಡಬೇಡ" ಅಂತ ಹೇಳಬಹುದು. "ಎಕ್ಸ್‌ಕ್ಲೂಡ್ ನ್ಯೂಯರ್" ಅಂತ ಅದರ ಹೆಸರು. ಮೇಲಿನ ಫ್ಲಾಸ್ಕ್ ಪ್ರಾಜೆಕ್ಟ್‌ಗೆ 2023ರ ಸೆಪ್ಟೆಂಬರ್ 15 ಅಂತ ಕೊಟ್ಟರೆ ವೆರ್ಕ್‌ಜೊಯ್ಗ್ 3.0 ಅದರ ಕಣ್ಣಿಗೇ ಬೀಳುವುದಿಲ್ಲ. ಆ ದಿನ ಹೇಗಿತ್ತೋ ಹಾಗೇ ಲೆಕ್ಕ ಹಾಕುತ್ತದೆ. ಲೆಕ್ಕಾಚಾರದ ಲೈಬ್ರರಿ ನಂಪೈ 2.0 ಬಂದ 2024ರ ಜೂನ್‌ನಲ್ಲೂ ವೆರ್ಕ್‌ಜೊಯ್ಗ್‌ನಂಥದ್ದೇ ತೊಂದರೆ ಆಗಿತ್ತು. ನಂಪೈ 1ಕ್ಕೆ ಕಂಪೈಲ್ ಆಗಿದ್ದ ಎಷ್ಟೋ ಲೈಬ್ರರಿಗಳು ಹೊಸ ನಂಪೈ ಜೊತೆ ಓಡಲಿಲ್ಲ. ಲಾಕ್ ಇಲ್ಲದ ಹಳೇ ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ಕೈಗೆ ಬಂದರೆ ಅದರ ಕೊನೆಯ ಕಮಿಟ್ ತಾರೀಖು ನೋಡಿ, ಅದನ್ನೇ ಇಲ್ಲಿ ಕೊಡಿ.

ಒಂದೇ ಕಂಪನಿ ಕಟ್ಟಿದ ಟೂಲ್, ನಾಳೆ ಏನಾಗುತ್ತೋ ಅನ್ನುವ ಚಿಂತೆ ನ್ಯಾಯವಾದದ್ದೇ. ಲೈಸೆನ್ಸ್ ಮುಕ್ತವಾಗಿದೆ, ಎಂಐಟಿ ಅಥವಾ ಅಪಾಚೆ. ನಿಮ್ಮ ಡಿಪೆಂಡೆನ್ಸಿ ಪಟ್ಟಿ ಇರುವುದು ಸಾಮಾನ್ಯ ಪೈಪ್ರಾಜೆಕ್ಟ್ ಫೈಲಿನಲ್ಲಿ. ಬೇಕಾದಾಗ ರಿಕ್ವೈರ್‌ಮೆಂಟ್ಸ್ ಫೈಲಿಗೂ ಎಕ್ಸ್‌ಪೋರ್ಟ್ ಮಾಡಬಹುದು. ಎಲ್ಲ ಟೂಲ್‌ಗಳಿಗೂ ಒಂದೇ ಲಾಕ್ ರೂಪ ಇರಲಿ ಅಂತ ಪೈಥಾನ್ ಸಮುದಾಯ 2025ರಲ್ಲಿ ಒಂದು ಮಾನದಂಡವನ್ನೂ ಒಪ್ಪಿದೆ. ಹೊರಗೆ ಬರುವ ಬಾಗಿಲು ತೆರೆದಿರುವುದರಿಂದ ನಾನು ಧೈರ್ಯವಾಗಿ ಯುವಿ ಹೇಳುತ್ತೇನೆ.

ಕೊಂಡಾ

ಕೊಂಡಾದ ದಾರಿಯೇ ಬೇರೆ. 2012ರಲ್ಲಿ ಬಂದ ಇದು ಪೈಥಾನ್ ಲೈಬ್ರರಿಗಳ ಜೊತೆಗೆ ಸಿ ಲೈಬ್ರರಿಗಳು, ಆರ್ ಭಾಷೆ, ಎನ್ವಿಡಿಯಾ ಜಿಪಿಯುಗೆ ಬೇಕಾದ ಕುಡಾ (CUDA) ಎಲ್ಲವನ್ನೂ ತಂದು ಹಾಕುತ್ತದೆ. ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ಎಲ್ಲಿ ಕಬ್ಬು, ಎಲ್ಲಿ ಭತ್ತ ಅಂತ ಸ್ಯಾಟಲೈಟ್ ಚಿತ್ರದಿಂದ ಗುರುತಿಸುವ ಒಂದು ಪ್ರಾಜೆಕ್ಟ್ ಮಾಡುತ್ತೀರಿ ಅಂದುಕೊಳ್ಳಿ. ಮ್ಯಾಪು, ಸ್ಯಾಟಲೈಟ್ ಚಿತ್ರ ಓದುವ ಲೈಬ್ರರಿ ಜಿಡಾಲ್ (GDAL) ಬೇಕೇ ಬೇಕು. ಪಿಪ್‌ನಲ್ಲಿ ಜಿಡಾಲ್ ಹಾಕಲು ಹೋದರೆ ಅದು ಸೋರ್ಸ್‌ನಿಂದ ಕಟ್ಟಲು ಶುರು ಮಾಡುತ್ತದೆ. ಸಿಸ್ಟಂನಲ್ಲಿ ಜಿಡಾಲ್‌ನ ಸಿ ಲೈಬ್ರರಿ ಮೊದಲೇ ಇರಬೇಕು, ಅದರ ವರ್ಶನ್ ಕೂಡ ಹೊಂದಬೇಕು. ಇಲ್ಲವಾದರೆ ಪರದೆ ತುಂಬ ಕಂಪೈಲರ್ ಎರರ್. ಕೊಂಡಾದಲ್ಲಿ ಒಂದೇ ಕಮಾಂಡ್, ಕಟ್ಟಿದ್ದೇ ಬರುತ್ತದೆ. ಇಂಥ ಕೆಲಸಕ್ಕೆ ಯುವಿ ಅಂತ ಹಟ ಮಾಡಬೇಡಿ.

ಎರಡು ಎಚ್ಚರಿಕೆ. ಕೊಂಡಾ ಮಾಡಿದ ಅನಕೊಂಡಾ ಕಂಪನಿಯ ಮೂಲ ಚಾನೆಲ್ (ಪ್ಯಾಕೇಜುಗಳು ಇಳಿಯುವ ಜಾಗ) ದೊಡ್ಡ ಸಂಸ್ಥೆಗಳಿಗೆ ಉಚಿತ ಅಲ್ಲ. 200 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಂಪನಿಗಳು ಲೈಸೆನ್ಸ್ ಕೊಳ್ಳಬೇಕು. ಅದರ ಬದಲು ಮಿನಿಫೋರ್ಜ್ ಹಾಕಿಕೊಳ್ಳಿ. ಅದು ಸಮುದಾಯ ನಡೆಸುವ ಕೊಂಡಾ-ಫೋರ್ಜ್ ಚಾನೆಲ್‌ನಿಂದಲೇ ತರುತ್ತದೆ. ಎರಡನೆಯದು, ಕೊಂಡಾ ಎನ್ವಿರಾನ್‌ಮೆಂಟ್ ಒಳಗೆ ಪಿಪ್ ಬಳಸಲೇಬೇಕಾದರೆ ಕೊಂಡಾದಿಂದ ಬರುವುದನ್ನೆಲ್ಲ ಮೊದಲು ಹಾಕಿ, ಪಿಪ್ ಕೊನೆಗೆ. ಆಮೇಲೆ ಮತ್ತೆ ಕೊಂಡಾಗೆ ಕೈ ಹಾಕಬೇಡಿ. ಪಿಪ್ ಮಾಡಿದ ಬದಲಾವಣೆ ಕೊಂಡಾದ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಏನಾದರೂ ಬೇಕಾದರೆ ಎನ್ವಿರಾನ್‌ಮೆಂಟನ್ನೇ ಹೊಸದಾಗಿ ಕಟ್ಟಿ.

ಲೈಬ್ರರಿ ಬರೆಯುವವರಿಗೆ ನಿಯಮ ಉಲ್ಟಾ

ಇಲ್ಲಿಯವರೆಗೆ ಹೇಳಿದ್ದು ಆ್ಯಪ್ ಬರೆಯುವವರಿಗೆ. ನೀವು ಬೇರೆ ಡೆವಲಪರ್‌ಗಳು ಬಳಸುವ ಲೈಬ್ರರಿ ಬರೆಯುತ್ತಿದ್ದರೆ, ಕನ್ನಡ ಅಕ್ಷರಗಳನ್ನು ಒಡೆಯುವ ಸಣ್ಣ ಲೈಬ್ರರಿಯೇ ಇರಲಿ, ನಿಖರ ವರ್ಶನ್ ಕಟ್ಟಿಹಾಕಬೇಡಿ. ಪೈಥಾನ್‌ನಲ್ಲಿ ಒಂದು ಎನ್ವಿರಾನ್‌ಮೆಂಟ್ ಒಳಗೆ ಒಂದು ಲೈಬ್ರರಿಯ ಒಂದೇ ವರ್ಶನ್ ಇರಲು ಸಾಧ್ಯ. ನೋಡ್ ಜಾವಾಸ್ಕ್ರಿಪ್ಟ್‌ನಲ್ಲಿ ಎನ್‌ಪಿಎಂ ಬೇಕಾದರೆ ಎರಡು ವರ್ಶನ್ ಪಕ್ಕಪಕ್ಕ ಇಡುತ್ತದೆ, ಇಲ್ಲಿ ಹಾಗಿಲ್ಲ. ನೀವು "ನಂಪೈ 2ಕ್ಕಿಂತ ಕೆಳಗೆ" ಅಂತ ಬರೆದು, ಇನ್ನೊಬ್ಬರು "2ಕ್ಕಿಂತ ಮೇಲೆ" ಅಂತ ಬರೆದರೆ ಎರಡೂ ಬೇಕಾದವರಿಗೆ ದಾರಿಯೇ ಇಲ್ಲ.

ಅದಕ್ಕೆ ಕೆಳಗಿನ ಮಿತಿ ಮಾತ್ರ ಹೇಳಿ. ಹೇಳಿದ ಕೆಳಗಿನ ವರ್ಶನ್‌ನಲ್ಲಿ ನಿಜವಾಗಿ ಓಡುತ್ತದಾ ಅಂತ ಪರೀಕ್ಷೆ ಮಾಡಿ. ಅತಿ ಕಡಿಮೆ ವರ್ಶನ್‌ಗಳನ್ನೇ ಆರಿಸಿ ಇನ್‌ಸ್ಟಾಲ್ ಮಾಡುವ ಆಯ್ಕೆ ಯುವಿಯಲ್ಲಿ ಇದೆ. ಹೊಸ ವರ್ಶನ್ ಬಂದು ನಿಮ್ಮ ಲೈಬ್ರರಿ ಒಡೆಯುತ್ತದೆ ಅಂತ ಖಚಿತವಾಗಿ ಗೊತ್ತಾದಾಗ ಮಾತ್ರ ಮೇಲಿನ ಮಿತಿ ಹಾಕಿ. ಪೈಪಿಐಗೆ ಹಾಕುವಾಗ ವೀಲ್ (ಮೊದಲೇ ಕಟ್ಟಿದ ಪ್ಯಾಕೇಜ್) ಮತ್ತು ಸೋರ್ಸ್ ಎರಡನ್ನೂ ಹಾಕಿ. ಒಮ್ಮೆ ಹಾಕಿದ ಫೈಲನ್ನು ಅಳಿಸಿದರೂ ಅದೇ ಹೆಸರಿನಲ್ಲಿ ಮತ್ತೆ ಹಾಕಲು ಬಿಡುವುದಿಲ್ಲ. ಕೆಟ್ಟ ಬಿಡುಗಡೆ ಆದರೆ ಅಳಿಸದೆ "ಯಾಂಕ್" ಮಾಡಿ. ಹೊಸಬರಿಗೆ ಅದು ಸಿಗುವುದಿಲ್ಲ, ಅದೇ ವರ್ಶನ್ ಲಾಕ್ ಮಾಡಿಕೊಂಡವರ ಕೆಲಸವೂ ನಿಲ್ಲುವುದಿಲ್ಲ.

ನೆಟ್ ಇಲ್ಲದ ಲ್ಯಾಬ್

ಇದನ್ನು ಯಾವ ಹೋಲಿಕೆಯಲ್ಲೂ ಬರೆಯುವುದಿಲ್ಲ, ನಮಗೆ ಮಾತ್ರ ಬೇಕೇ ಬೇಕು. ಅರವತ್ತು ಸಿಸ್ಟಂ, ಒಂದು ನಿಧಾನದ ಕನೆಕ್ಷನ್, ಎಲ್ಲರೂ ಒಟ್ಟಿಗೆ ಇನ್‌ಸ್ಟಾಲ್ ಕೊಟ್ಟರೆ ಲ್ಯಾಬ್ ಅವಧಿ ಮುಗಿದರೂ ಇಳಿಯುವುದಿಲ್ಲ. ಈ ವಿಷಯದಲ್ಲಿ ಹಳೇ ಪಿಪ್ ಚೆನ್ನಾಗಿದೆ. "ಪಿಪ್ ಡೌನ್‌ಲೋಡ್" ಅಂತ ಲಾಕ್ ಮಾಡಿದ ಪಟ್ಟಿ ಕೊಟ್ಟರೆ ಎಲ್ಲ ವೀಲ್ ಫೈಲುಗಳು ಒಂದು ಫೋಲ್ಡರ್‌ಗೆ ಇಳಿಯುತ್ತವೆ. ಅದನ್ನು ಪೆನ್‌ಡ್ರೈವ್‌ಗೋ ಲ್ಯಾಬ್‌ನ ಶೇರ್ ಫೋಲ್ಡರ್‌ಗೋ ಹಾಕಿ. ಇನ್‌ಸ್ಟಾಲ್ ಮಾಡುವಾಗ ನೆಟ್‌ನಲ್ಲಿರುವ ಇಂಡೆಕ್ಸ್ (ಪೈಪಿಐ) ನೋಡಬೇಡ, ಈ ಫೋಲ್ಡರ್‌ನಲ್ಲೇ ಹುಡುಕು ಅಂತ ಹೇಳಿ. ಇಳಿಸುವ ಸಿಸ್ಟಂ ಮತ್ತು ಲ್ಯಾಬ್ ಸಿಸ್ಟಂ ಎರಡರಲ್ಲೂ ಒಂದೇ ಆಪರೇಟಿಂಗ್ ಸಿಸ್ಟಂ, ಒಂದೇ ಪೈಥಾನ್ ವರ್ಶನ್ ಇರಬೇಕು. 3.10ರಲ್ಲಿ ಇಳಿಸಿದ ನಂಪೈ ವೀಲ್ 3.12ಕ್ಕೆ ಹೊಂದುವುದಿಲ್ಲ.

ಲಾಕ್ ಮಾಡಿದ ಮೇಲೂ ಇರುವ ಕೆಲಸ

ಲಾಕ್ ಫೈಲ್ ಅಂದರೆ ವರ್ಷಗಟ್ಟಲೆ ಹಾಗೇ ಬಿಡುವುದಲ್ಲ. ಹಳೇ ವರ್ಶನ್‌ಗಳಲ್ಲಿ ಸೆಕ್ಯೂರಿಟಿ ತೊಂದರೆಗಳು ಗೊತ್ತಾಗುತ್ತಾ ಹೋಗುತ್ತವೆ. ಪಿಪ್-ಆಡಿಟ್ ಓಡಿಸಿದರೆ ಯಾವುದರಲ್ಲಿ ಏನಿದೆ ಅಂತ ಪಟ್ಟಿ ಕೊಡುತ್ತದೆ. ತಿಂಗಳಿಗೊಮ್ಮೆ ಲಾಕ್ ಹೊಸದು ಮಾಡಿ, ಟೆಸ್ಟ್ ಓಡಿಸಿ, ಕಮಿಟ್ ಮಾಡಿ. ಹೆಸರು ಟೈಪ್ ಮಾಡುವಾಗಲೂ ಹುಷಾರು. ಜನಪ್ರಿಯ ಲೈಬ್ರರಿಗಳ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಕೆಟ್ಟ ಕೋಡ್ ಹಾಕುವವರು ಇದ್ದಾರೆ. ಎಐ ಟೂಲ್‌ಗಳು ಕೆಲವೊಮ್ಮೆ ಇಲ್ಲದ ಲೈಬ್ರರಿ ಹೆಸರನ್ನೇ ಹೇಳಿಬಿಡುತ್ತವೆ. ಅಂಥ ಹೆಸರನ್ನು ಯಾರಾದರೂ ಮೊದಲೇ ಹಿಡಿದಿಟ್ಟುಕೊಂಡಿರಬಹುದು. ಹೊಸ ಹೆಸರು ಸೇರಿಸುವ ಮುಂಚೆ ಪೈಪಿಐ ಪುಟ ತೆರೆದು ಅದರ ರೆಪೊ, ಹಳೆಯ ಬಿಡುಗಡೆಗಳನ್ನು ಒಮ್ಮೆ ನೋಡಿ.

ಈಗಿರುವ ಪ್ರಾಜೆಕ್ಟನ್ನು ಯುವಿಗೆ ತರುವುದಾದರೆ ವರ್ಶನ್ ಬದಲಿಸುವ ಕೆಲಸ, ಟೂಲ್ ಬದಲಿಸುವ ಕೆಲಸ ಎರಡನ್ನೂ ಒಂದೇ ದಿನ ಮಾಡಬೇಡಿ. ನೀವು ಕೇಳಿದ ಲೈಬ್ರರಿಗಳ ಪಟ್ಟಿಯನ್ನು ಸೇರಿಸುವಾಗಲೇ ಹಳೇ ಲಾಕ್ ಪಟ್ಟಿಯನ್ನು ಕನ್‌ಸ್ಟ್ರೇಂಟ್ (ವರ್ಶನ್‌ಗಳ ಕಟ್ಟುಪಾಡು) ಆಗಿ ಕೊಡಿ, ಅವೇ ವರ್ಶನ್‌ಗಳು ಉಳಿಯುತ್ತವೆ. ಆಮೇಲೆ ನಿಮ್ಮ ಎನ್ವಿರಾನ್‌ಮೆಂಟ್ ಫೋಲ್ಡರ್ ಅಳಿಸಿ, ಪ್ರಾಜೆಕ್ಟ್ ಮುಟ್ಟದ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಕ್ಲೋನ್ ಮಾಡಿಸಿ, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂತು ನೋಡಿ. ಅವರು ಕೇಳುವ ಪ್ರತಿ ಪ್ರಶ್ನೆಯ ಉತ್ತರವನ್ನೂ ರೀಡ್‌ಮಿ ಫೈಲಿಗೆ ಬರೆದು, ಲಾಕ್ ಫೈಲ್ ಜೊತೆಗೇ ಕಮಿಟ್ ಮಾಡಿ.